ಚರಂತಯ್ಯಜ್ಜಾರು ಮೊದಲ ಮನೆಗೆ ನಡೆದದ್ದು

ಹೊಳೆದಂಡೆಯ ಮೇಲೆ ಒಂದು ಮಠ. ಮಠ ಅಂದರೆ ದೊಡ್ಡದೇನಲ್ಲ. ಎರಡು ಖೋಲಿ, ಒಂದು ಪಡಸಾಲೆ, ಮುಂದೆ ಮೂರು ಮೆಟ್ಟಿಲು. ಇದ್ದವರೂ ಇಬ್ಬರೇ. ಗುರು ಚರಂತಯ್ಯಜ್ಜಾರು, ಶಿಷ್ಯ ಮಡಿವಾಳಯ್ಯ.

ಆ ಮಠಕ್ಕೊಂದು ನಿಯಮ. ಪೀಠದಲ್ಲಿ ಕೂತವರು ತಮ್ಮ ಕಾಲಿಂದ ನಡೆದು, ಐದು ಮನೆ ಬೇಡಿ, ಜೋಳಿಗೆಗೆ ಬಿದ್ದದ್ದನ್ನೇ ಉಣ್ಣಬೇಕು. ಕೂತಲ್ಲಿಗೆ ಬಂದ ರೊಟ್ಟಿ ಅವರಿಗಲ್ಲ. ಅಜ್ಜಾರು ನಲವತ್ತು ವರ್ಷ ಹಾಗೆಯೇ ಉಂಡವರು. ಮೊದಲ ಮನೆ ಬಾಳವ್ವನದು, ಮಠದಿಂದ ಮುನ್ನೂರು ಹೆಜ್ಜೆ.

ಒಂದು ಬೆಳಗ್ಗೆ ಪೂಜೆಗೆ ಕೂತ ಅಜ್ಜಾರು ಕೂತಲ್ಲೇ ಎಡಕ್ಕೆ ವಾಲಿದರು. ಬಾಯಿ ಸೊಟ್ಟಗಾಯಿತು, ಎಡಗೈ ಎಡಗಾಲು ಬೇರೆ ಯಾರದೋ ಎಂಬಂತೆ ಬಿದ್ದವು. ಲಕ್ವಾ ಹೊಡೆದಿತ್ತು. ಆಸ್ಪತ್ರೆಯಲ್ಲಿ ಹದಿನೈದು ದಿನ ಇಟ್ಟುಕೊಂಡು ಕಳಿಸಿದರು. ಜೀವ ಉಳಿಯಿತು, ಮಾತು ತಿರುಗಿ ಬಂತು. ಕಾಲು ಮಾತ್ರ ಬರಲಿಲ್ಲ.

ಇನ್ನು ಮಡಿವಾಳಯ್ಯನ ಪಾಡು ಕೇಳಿ. ಮೊದಲೇ ಅವನಿಗೆ ಕೂತಲ್ಲಿ ಕೂರುವ ಜಾಯಮಾನ ಇಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಮಠಕ್ಕೆ ಬಂದಾಗ ಧ್ಯಾನಕ್ಕೆ ಕೂರಿಸಿ ನೋಡಿದ ಅಜ್ಜಾರು, ಎರಡೇ ದಿನಕ್ಕೆ ಸಾಕಾಗಿ ಕೈಗೆ ಕಸಬರಿಗೆ ಕೊಟ್ಟಿದ್ದರು. ಈಗಂತೂ ಅವನು ಕಾಲು ಸುಟ್ಟ ಬೆಕ್ಕಿನ ಹಾಗೆ ಆಗಿಬಿಟ್ಟ.

ಎಣ್ಣೆ ಕಾಸಿ ತಿಕ್ಕಿದ. ಕಾಲು ಒತ್ತಿದ. ಹೊದಿಸಿದ, ಹೊರಳಿಸಿದ, ಮತ್ತೆ ಹೊದಿಸಿದ. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ ತಾನೇ ಎತ್ತಿದ.

"ಗುರುವಿನ ಪಾದ ನೆಲಕ್ಕ ಹತ್ತಿದ್ರ ನಾ ಯಾಕ ಇರಬೇಕು?" ಅಂದ.

ಬಂದ ಭಕ್ತರೆಲ್ಲ ಶಿಷ್ಯ ಅಂದರೆ ಇವನಪ್ಪ ಎಂದು ಹೊಗಳಿದರು. ಹೊಗಳಿದಷ್ಟೂ ಇವನ ತಿಕ್ಕಾಟ ಜೋರಾಯಿತು.

ಒಳಗೆ ಮಾತ್ರ ಹೆದರಿಕೆ. ಅಜ್ಜಾರು ಇಲ್ಲದ ಮಠದಲ್ಲಿ ತಾನೊಬ್ಬನೇ ಇರುವುದನ್ನು ನೆನೆದರೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಅಜ್ಜಾರು ಕಣ್ಣು ಮುಚ್ಚಿದರೆ ಸಾಕು, ಎದೆ ಏರಿಳಿಯುತ್ತಿದೆಯೋ ಇಲ್ಲವೋ ಎಂದು ಬಗ್ಗಿ ನೋಡುತ್ತಿದ್ದ.

"ಇದ್ದೀನೋ," ಎನ್ನುತ್ತಿದ್ದರು ಅಜ್ಜಾರು, ಕಣ್ಣು ತೆರೆಯದೆ.

ಆಸ್ಪತ್ರೆಯಿಂದ ಬಂದ ಮರುದಿನವೇ ಮಡಿವಾಳಯ್ಯ ತಾನು ಜೋಳಿಗೆ ಹಾಕಿಕೊಂಡು ಐದು ಮನೆ ಸುತ್ತಿ ಬಂದ. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಮೇಲೊಂದು ಮುದ್ದೆ ಬೆಣ್ಣೆ.

"ಉಣ್ರಿ ಅಜ್ಜಾರ."

"ಯಾರು ನಡದು ತಂದ್ರು?"

"ನಾನರಿ."

"ಹಂಗಾರ ನೀ ಉಣ್ಣು," ಎಂದು ಅಜ್ಜಾರು ಗೋಡೆಯ ಕಡೆ ತಿರುಗಿದರು.

ಮಡಿವಾಳಯ್ಯ ಬಿಡುವ ಪೈಕಿಯೇ? ಮಾರನೆಯ ದಿನ ಅಜ್ಜಾರನ್ನು ಬೆನ್ನ ಮೇಲೆ ಹೊತ್ತುಕೊಂಡು ಬಾಳವ್ವನ ಬಾಗಿಲಿಗೇ ಹೋಗಿ ನಿಂತ. ಓಣಿಯೆಲ್ಲ ಹೊರಗೆ ಬಂತು. ಬಾಳವ್ವ ಸೆರಗು ಹೊದ್ದು ರೊಟ್ಟಿ ತಂದಳು.

ಅಜ್ಜಾರು ಬೆನ್ನ ಮೇಲಿಂದಲೇ ಅಂದರು: "ಯವ್ವಾ, ಇವತ್ತ ಭಿಕ್ಷಾಕ್ಕ ಬಂದಾವ ಮಡಿವಾಳಯ್ಯ. ನಾ ಅವನ ಬೆನ್ನ ಮ್ಯಾಲಿನ ಗಂಟು. ಗಂಟಿಗೆ ಯಾರರ ಉಣ್ಣಾಕ ನೀಡ್ತಾರೇನು?"

ಬಾಳವ್ವ ನಕ್ಕಳು, ಓಣಿಯೂ ನಕ್ಕಿತು. ಮಡಿವಾಳಯ್ಯನಿಗೆ ಅಳು ಬಂತು.

ಮಠಕ್ಕೆ ಬಂದು ಅಜ್ಜಾರನ್ನು ಮಂಚದ ಮೇಲೆ ಇಳಿಸಿ ಕೈ ಮುಗಿದ. "ನಿಯಮ ಬಿಟ್ಟುಬಿಡ್ರಿ ಅಜ್ಜಾರ. ಲಕ್ವಾ ಹೊಡದವರಿಗೆ ಎಂಥಾ ನಿಯಮ? ದೇವರು ಸೈತ ಬ್ಯಾಡ ಅನ್ನೂದಿಲ್ಲ."

"ಇದು ಬಾಯಿಗೆ ಮಾಡಿದ ನಿಯಮ ಅಲ್ಲೋ ಹುಚ್ಚಾ, ಕಾಲಿಗೆ ಮಾಡಿದ್ದು. ಕುಂತಲ್ಲೇ ರೊಟ್ಟಿ ಬಂದ್ರ ಈ ಕಾಲು ಯಾತಕ್ಕ ಏಳ್ತಾವ?"

ನಿಯಮ ಇದ್ದದ್ದು ಬೆಂದ ಅಡಿಗೆಗೆ ಮಾತ್ರ, ಹಾಗಾಗಿ ಅಂದಿನಿಂದ ಅಜ್ಜಾರಿಗೆ ಹಾಲು, ಬಾಳೆಹಣ್ಣು, ನೆನೆಸಿದ ಶೇಂಗಾ. ಅಷ್ಟರ ಮೇಲೆ ದಿನ ಹೋದವು. ಅಜ್ಜಾರ ಗಲ್ಲ ಒಳಗೆ ಹೋದವು, ತೋಳು ಬತ್ತಿದವು. ಮಡಿವಾಳಯ್ಯನೂ ಅರ್ಧ ಹೊಟ್ಟೆ ಉಂಡು ಏಳತೊಡಗಿದ.

ವಾರಕ್ಕೆ ಎರಡು ಸಲ ಆಸ್ಪತ್ರೆಯಿಂದ ವಹಿದಾ ಎಂಬ ಹೆಣ್ಣುಮಗಳು ಸ್ಕೂಟರಿನಲ್ಲಿ ಬರುತ್ತಿದ್ದಳು. ಲಕ್ವಾ ಆದವರಿಗೆ ವ್ಯಾಯಾಮ ಮಾಡಿಸುವುದು ಅವಳ ಕೆಲಸ. ಚಿಕ್ಕ ವಯಸ್ಸು, ಮಾತು ಕಡ್ಡಿ ಮುರಿದ ಹಾಗೆ.

ಮೊದಲ ದಿನ ಅಜ್ಜಾರ ರಕ್ತದೊತ್ತಡ ನೋಡಿ, ಕಾಲು ಎತ್ತಿಸಿ ಇಳಿಸಿ, ಮಡಿವಾಳಯ್ಯನ ಕಡೆ ತಿರುಗಿದಳು.

"ಅಯ್ನೋರ, ಇವರನ್ನ ಕುರ್ಚಿಯಿಂದ ಏಳಸಬೇಕು, ಕೂಡ್ರಸಬೇಕು. ದಿನಾ ಹತ್ತು ಸಲ, ಆಮ್ಯಾಲೆ ಇಪ್ಪತ್ತು. ಕೋಲು ಹಿಡದು ನಡಸಬೇಕು. ಮೆಟ್ಟಲಾ ಹತ್ತಸಬೇಕು. ದಮ್ಮು ಹತ್ತಬೇಕು ಅವರಿಗೆ."

"ದಮ್ಮು ಹತ್ತಬೇಕಾ?" ಮಡಿವಾಳಯ್ಯ ಹೌಹಾರಿದ.

"ಹತ್ತಬೇಕು. ಎದಿನೂ ಗಟ್ಟಿ ಆಗಬೇಕು, ಬರೇ ಕಾಲಲ್ಲ. ನಡಿಯೋವಾಗ ಮಾತಾಡಾಕ ಬರಬೇಕು, ಹಾಡಾಕ ಬರಬಾರದು. ಅಷ್ಟು ಜೋರು ಸಾಕು. ಎದಿ ನೋವು, ತಲಿ ತಿರಗೂದು ಬಂದ್ರ ಕೂಡಲೇ ನಿಲ್ಲಸ್ರಿ, ನನಗ ಫೋನ್ ಮಾಡ್ರಿ."

"ಮತ್ತ ಎಣ್ಣಿ ತಿಕ್ಕೂದು?"

"ತಿಕ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ತಿಕ್ಕೂದರಿಂದ ಗಟ್ಟಿ ಆಗೂದು ನಿಮ್ಮ ಕೈ, ಅವರ ಕಾಲಲ್ಲ."

ಮಡಿವಾಳಯ್ಯನಿಗೆ ಆ ಹುಡುಗಿಯನ್ನು ಕಂಡರೆ ಮೈ ಉರಿಯಿತು. ಆದರೂ ಹೂಂ ಅಂದ.

ಹೂಂ ಅಂದ, ಮಾಡಿದ್ದೇನು? ಅಜ್ಜಾರು ಕುರ್ಚಿಯಿಂದ ಏಳಲು ಮುಂದೆ ಬಾಗುವಷ್ಟರಲ್ಲಿ ಇವನೇ ಬಗಲಿಗೆ ಕೈ ಕೊಟ್ಟು ಎತ್ತಿಬಿಡುತ್ತಿದ್ದ. ಹತ್ತು ಸಲ ಎದ್ದದ್ದು ಮಡಿವಾಳಯ್ಯನ ತೋಳು. ನಡೆಯುವಾಗ ಸೊಂಟಕ್ಕೆ ಕೈ ಹಾಕಿ ಎತ್ತಿ ಹಿಡಿಯುತ್ತಿದ್ದ, ಅಜ್ಜಾರ ಪಾದ ನೆಲ ಸವರುತ್ತ ಹೋಗುತ್ತಿದ್ದವು. ಪಡಸಾಲೆಯಲ್ಲಿ ನಾಲ್ಕು ಹೆಜ್ಜೆ ಹಾಕಿದರೆ, "ಸಾಕ್ರಿ, ದಣದೀರಿ," ಎಂದು ಕೂರಿಸುತ್ತಿದ್ದ.

ಹಾಡಿನ ಪರೀಕ್ಷೆಯೂ ನಡೆಯಿತು.

"ಅಜ್ಜಾರ, ಒಂದ್ ನುಡಿ ಹಾಡ್ರಿ."

ಅಜ್ಜಾರು ನಡೆಯುತ್ತಲೇ ಹಾಡಿದರು, ಸರಾಗ. ಮಡಿವಾಳಯ್ಯ ಹಿಗ್ಗಿದ. ಎರಡು ದಿನ ಬಿಟ್ಟು ವಹಿದಾ ಬಂದಾಗ ಅದನ್ನೇ ಹೆಮ್ಮೆಯಿಂದ ಹೇಳಿದ.

ಅವಳು ಹಣೆಗೆ ಕೈ ಹಚ್ಚಿಕೊಂಡಳು. "ಅಯ್ನೋರ, ಹಾಡಾಕ ಬಂದ್ರ ಅವರು ನಡದೇ ಇಲ್ಲ ಅಂತ ಅರ್ಥ!"

ತಿಂಗಳು ಕಳೆದ ಮೇಲೆ ಅವಳು ಅಜ್ಜಾರ ತೊಡೆಗೆ ಟೇಪು ಸುತ್ತಿ ಅಳೆದಳು. ಮುಖ ಸಣ್ಣದಾಯಿತು. ಮಡಿವಾಳಯ್ಯನನ್ನು ಹೊರಗೆ ಕರೆದಳು.

"ಆಸ್ಪತ್ರಿಯಿಂದ ಬಂದಾಗ ಇದ್ದದ್ದಕ್ಕಿಂತ ಸಣ್ಣ ಆಗೇತಿ ಕಾಲು. ಶುರುವಿನ ತಿಂಗಳು ಇವು, ಇವನ್ನ ಕಳಕೊಂಡ್ರ ಆಮ್ಯಾಲೆ ಭಾಳ ಕಷ್ಟ. ಹಿಂಗ ಹೊತ್ತುಕೊಂಡು ಕುಂತ್ರ ಅವರು ಮಂಚ ಬಿಟ್ಟು ಏಳೂದಿಲ್ಲ. ಮಂಚ ಹಿಡದವರು ಎಷ್ಟು ದಿನ ಇರ್ತಾರ, ನೀವ ಹೇಳ್ರಿ."

ಮಡಿವಾಳಯ್ಯ ಸ್ಕೂಟರಿಗೆ ಅಡ್ಡ ನಿಂತ. "ನಾ ಏನ್ ಕಡಿಮಿ ಮಾಡೀನಿ ಅವರಿಗೆ?"

"ಕಡಿಮಿ ಮಾಡಿಲ್ಲ, ಅದ ತಾಪತ್ರಯ," ಎಂದು ಸ್ಕೂಟರ್ ಹತ್ತಿದಳು.

ಅವನು ಒಳಗೆ ಬಂದು ಅಜ್ಜಾರ ಮುಂದೆ ಕುಕ್ಕರಿಸಿದ. ಎದ್ದ. ಮತ್ತೆ ಕೂತ. ನೀರಿನ ತಂಬಿಗೆಯನ್ನು ಆ ಕಡೆಯಿಂದ ಈ ಕಡೆ ಇಟ್ಟ.

"ಅಜ್ಜಾರ, ಆಕಿಗೆ ಏನ್ ತಿಳೀತದ ಸೇವಾ ಅಂದ್ರ?"

ಅಜ್ಜಾರು ಬಲಗೈ ಚಾಚಿ ಕುರ್ಚಿ ತೋರಿಸಿದರು.

"ನನ್ನನ್ನ ಕುರ್ಚಿ ಮ್ಯಾಲೆ ಕೂಡ್ರಸು. ನೀ ಈ ಮಂಚದ ಮ್ಯಾಲೆ ಮಲಕ್ಕೊ."

"ನಿಮ್ಮ ಮಂಚದ ಮ್ಯಾಲೆ ನಾನು?"

"ಮಲಕ್ಕೊ ಅಂದೆ. ನಾ ಹೇಳೂತನಕ ಕಾಲು ನೆಲಕ್ಕ ಹಚ್ಚಬಾರದು."

ಗುರುವಿನ ಮಾತು ಮೀರಿದವನಲ್ಲ. ಮಲಗಿದ. ಅಜ್ಜಾರು ಬಾಳವ್ವನ ಗಂಡನಿಗೆ ಹೇಳಿ ಕಳಿಸಿದರು. ಆತ ಬಂದು ಮಂಚದ ಪಕ್ಕ ಕೂತು, ಅಜ್ಜಾರು ಸನ್ನೆ ಮಾಡಿದ್ದನ್ನೆಲ್ಲ ಮಡಿವಾಳಯ್ಯನಿಗೆ ಮಾಡಿದ. ನೀರು ಬಾಯಿಗೆ ಹಿಡಿದ. ಅನ್ನ ತುತ್ತು ಮಾಡಿ ಉಣಿಸಿದ. ಹೊದಿಸಿದ, ಹೊರಳಿಸಿದ. ಮಡಿವಾಳಯ್ಯ ಮೂಗು ತುರಿಸಿಕೊಳ್ಳಲು ಕೈ ಎತ್ತಿದರೆ, ತಾನೇ ತುರಿಸಿದ.

ಒಂದು ತಾಸು ಸುಖ ಅನಿಸಿತು. ಎರಡನೆಯ ತಾಸಿಗೆ ಬೆನ್ನು ಕಚ್ಚತೊಡಗಿತು. ಮಧ್ಯಾಹ್ನದ ಹೊತ್ತಿಗೆ ಕಾಲೊಳಗೆ ಇರುವೆ ಹರಿದವು. ಹೊರಗೆ ಯಾರೋ ಹೊಳೆಯಲ್ಲಿ ಬಟ್ಟೆ ಒಗೆಯುವ ಸಪ್ಪಳ, ಯಾರೋ ಓಡಿ ಹೋದ ಸಪ್ಪಳ. ಎಲ್ಲರಿಗೂ ಕಾಲಿವೆ, ಎಲ್ಲರೂ ಎಲ್ಲಿಗೋ ಹೋಗುತ್ತಿದ್ದಾರೆ, ತಾನೊಬ್ಬನೇ ಹೆಣದ ಹಾಗೆ ಬಿದ್ದಿದ್ದೇನೆ ಅನಿಸಿ ತಲೆ ಚಿಟ್ಟು ಹಿಡಿಯಿತು. ಉಣಿಸುವ ಕೈಯನ್ನು ಕಚ್ಚಿಬಿಡಬೇಕು ಅನ್ನುವಷ್ಟು ಸಿಟ್ಟು ಬಂತು.

ಸಂಜೆಗೆ ಅಜ್ಜಾರು ಕುರ್ಚಿ ಹತ್ತಿರ ಎಳೆಸಿಕೊಂಡು, ಬಲಗೈಯಿಂದ ಅವನ ಕಾಲು ಒತ್ತತೊಡಗಿದರು.

ಮಡಿವಾಳಯ್ಯ ಚೀರಿದ. "ಅಯ್ಯಯ್ಯೋ, ಏನ್ ಮಾಡಾಕತ್ತೀರಿ ಅಜ್ಜಾರ! ನನಗ ಪಾಪ ಹತ್ತತೈತಿ! ನಾ ಏಳ್ಲೇನ್ರಿ? ಕೈ ಮುಗೀತೀನಿ, ಏಳಾಕ ಬಿಡ್ರಿ!"

"ಯಾಕ? ಸೇವಾ ಸಾಲಲಿಲ್ಲೇನು?"

ಇವನು ಒಂದು ಹಗಲು ಮಲಗಿದ್ದ. ಅಜ್ಜಾರು ಒಂದೂವರೆ ತಿಂಗಳಿಂದ ಮಲಗಿದ್ದರು. ಅದು ತಲೆಗೆ ಹೊಕ್ಕಾಗ ಅವನಿಗೆ ತನ್ನ ಮೇಲೆ ನಾಚಿಕೆಯಾಯಿತು, ಅಲ್ಲಿಯೇ ಅತ್ತುಬಿಟ್ಟ.

ಮರುದಿನದಿಂದ ಶುರುವಾಯಿತು.

ಕುರ್ಚಿ ಮುಂದೆ ಮಡಿವಾಳಯ್ಯ ನಿಂತ, ಕೈ ಎರಡನ್ನೂ ಬೆನ್ನ ಹಿಂದೆ ಬಿಗಿದುಕೊಂಡು. ಅಜ್ಜಾರು ಮುಂದೆ ಬಾಗಿದರು, ನಡುಗಿದರು, ಅರ್ಧಕ್ಕೆ ಎದ್ದು ಧೊಪ್ಪನೆ ಕೂತರು. ಮಡಿವಾಳಯ್ಯ ತನ್ನ ಹೆಬ್ಬೆರಳನ್ನು ನೋಯುವಷ್ಟು ಹಿಸುಕಿಕೊಂಡ. ಎರಡನೆಯ ಸಲವೂ ಕೂತರು. ಮೂರನೆಯ ಸಲ ಎದ್ದು ನಿಂತರು.

ನಿಂತರು ಅಂದರೆ ಎಷ್ಟು ಹೊತ್ತು? ನಾಲ್ಕು ಉಸಿರು. ಮಡಿವಾಳಯ್ಯನಿಗೆ ಮಾತ್ರ ಊರಿಗೆಲ್ಲ ಸಕ್ಕರೆ ಹಂಚಬೇಕು ಅನಿಸಿತು.

ಆದರೆ ಚಾಳಿ ಅಷ್ಟು ಬೇಗ ಹೋಗುತ್ತದೆಯೇ? ಒಂದು ದಿನ ಅಂಗಳದಲ್ಲಿ ಅಜ್ಜಾರ ಕೋಲು ಸ್ವಲ್ಪ ಜಾರಿತು. ಅವರು ಸಾವರಿಸಿಕೊಳ್ಳುತ್ತಿದ್ದರು. ಇವನು ತಡೆಯಲಾರದೆ ಹಾರಿ ಹೋಗಿ ತೋಳು ಜಗ್ಗಿದ. ಇಬ್ಬರೂ ಮರಳಿನ ಮೇಲೆ ಬಿದ್ದರು.

"ಅಜ್ಜಾರ! ಪೆಟ್ಟಾತೇನ್ರಿ?"

"ಇಲ್ಲೋ. ನಾ ಬೀಳಲಿಲ್ಲ. ನೀ ಕೆಡವಿದಿ."

ವಹಿದಾ ಅದನ್ನು ಕೇಳಿ ಬೈದಳು. ಲಕ್ವಾ ಆದ ಮಗ್ಗುಲಲ್ಲಿ, ಅರ್ಧ ಹೆಜ್ಜೆ ಹಿಂದೆ ನಿಲ್ಲಬೇಕು, ಕೈ ಹತ್ತಿರ ಇರಬೇಕು, ತೋಳು ಜಗ್ಗಬಾರದು ಎಂದು ನಿಲ್ಲಿಸಿ ತೋರಿಸಿದಳು. ಈಗ ಅವಳು ಬೈದರೆ ಮಡಿವಾಳಯ್ಯನಿಗೆ ಮೈ ಉರಿಯುತ್ತಿರಲಿಲ್ಲ. ಅವಳು ಬರುವ ದಿನ ತಾನೇ ದಾರಿಗೆ ಹೋಗಿ ನಿಂತಿರುತ್ತಿದ್ದ.

ಪಡಸಾಲೆಯ ನಾಲ್ಕು ಹೆಜ್ಜೆ ಇಪ್ಪತ್ತಾದವು. ಅಂಗಳ ಒಂದು ಸುತ್ತು, ಮೂರು ಸುತ್ತು, ಎಂಟು ಸುತ್ತು. ಮೊದಲು ಒಂದು ಮೆಟ್ಟಿಲು, ಹದಿನೈದು ದಿನದ ಮೇಲೆ ಮೂರೂ ಮೆಟ್ಟಿಲು.

"ಹಾಡ್ರಿ ಅಜ್ಜಾರ!"

"ಹಾ... ಹಾಡಾಕ... ಬರವಲ್ದೋ..."

"ಭೇಷ್!" ಎಂದು ಮಡಿವಾಳಯ್ಯ ಕುಣಿದಾಡಿದ.

ಆದರೆ ಮಂಚದ ಭಯ ಅವನನ್ನು ಬಿಟ್ಟಿರಲಿಲ್ಲ. ಒಂದು ದಿನ ಹೆಜ್ಜೆ ಕಡಿಮೆಯಾದರೆ ಇವನ ಮುಖ ಕಪ್ಪಿಡುತ್ತಿತ್ತು. ಬೆಳಗ್ಗೆ ಎದ್ದ ಕೂಡಲೇ ಕೇಳುತ್ತಿದ್ದ. "ಅಜ್ಜಾರ, ಇವತ್ತ ಹೋಗೂಣೇನ್ರಿ ಬಾಳವ್ವನ ಮನಿಗೆ? ನಾಳೆ? ಯಾವಾಗರಿ?"

"ನಿನ್ನ ಕಾಲಿಗೆ ಏನಾಗೇತಿ, ನೀ ಹೋಗಿ ಬಾ," ಎನ್ನುತ್ತಿದ್ದರು ಅಜ್ಜಾರು.

ನಾಲ್ಕನೆಯ ತಿಂಗಳು. ವಹಿದಾ ಎದೆ, ನಾಡಿ ಎಲ್ಲ ನೋಡಿ, "ಹೋಗಿ ಬರ್ರಿ ಅಜ್ಜಾರ. ನಡುವ ಕುಂತು ದಮ್ಮು ಆರಿಸಿಕೊಂಡು ಹೋಗ್ರಿ," ಅಂದಳು.

ಮರುದಿನ ಬೆಳಗ್ಗೆ ಅಜ್ಜಾರು ಜೋಳಿಗೆ ಹಾಕಿಕೊಂಡರು. ಬಲಗೈಲಿ ಬುಡಕ್ಕೆ ನಾಲ್ಕು ಕಾಲಿರುವ ಊರುಗೋಲು. ಎಡಕ್ಕೆ ಅರ್ಧ ಹೆಜ್ಜೆ ಹಿಂದೆ ಮಡಿವಾಳಯ್ಯ, ಮೈಯೆಲ್ಲ ಕಣ್ಣಾಗಿ.

ಮೂರು ಮೆಟ್ಟಿಲು ಇಳಿದರು. ದಾರಿ ಹಿಡಿದರು. ಐವತ್ತು ಹೆಜ್ಜೆ ಚೆನ್ನಾಗಿ ಹೋಯಿತು. ನೂರಕ್ಕೆ ಎಡಗಾಲು ಎಳೆಯತೊಡಗಿತು. ಅಲ್ಲಿಂದ ಮುಂದೆ ಏರು. ನೂರೈವತ್ತಕ್ಕೆ ಬೇವಿನ ಕಟ್ಟೆ ಬಂತು. ಅಜ್ಜಾರು ಕಟ್ಟೆಯ ಮೇಲೆ ಕುಸಿದು ಕೂತರು.

ದಮ್ಮು ಆರಿತು. ನೀರು ಕುಡಿದರು. ಆದರೂ ಏಳಲಿಲ್ಲ.

ಓಣಿಯ ಬಾಗಿಲಲ್ಲೆಲ್ಲ ಜನ ನಿಂತಿದ್ದರು. ದೂರದಲ್ಲಿ ಬಾಳವ್ವ ಹೊಸ್ತಿಲ ಮೇಲೆ ತಟ್ಟೆ ಹಿಡಿದು ನಿಂತಿದ್ದಳು.

"ಎದಿ ನೋವೈತೇನ್ರಿ? ತಲಿ ತಿರಗತೈತೇನ್ರಿ?"

"ಏನೂ ಇಲ್ಲ."

"ಮತ್ತ ಏಳ್ರಿ ಅಜ್ಜಾರ, ಬಾಳವ್ವನ ಮನಿ ಸನಿಹಕ್ಕ ಬಂದೀವಿ."

"ಸಾಕೋ ಮಡಿವಾಳಯ್ಯ," ಅಂದರು ಅಜ್ಜಾರು. ದನಿ ಬಿದ್ದುಹೋಗಿತ್ತು. ಕಣ್ಣಲ್ಲಿ ನೀರಿತ್ತು. "ಬ್ಯಾಸರಾತು. ಆಗೂದಿಲ್ಲ ನನಗ. ಹೊತ್ತುಕೊ, ಮಠಕ್ಕ ಹೋಗೂಣು."

ಅಜ್ಜಾರ ಕಣ್ಣಲ್ಲಿ ನೀರು ಅವನು ಯಾವತ್ತೂ ಕಂಡಿರಲಿಲ್ಲ. ತೋಳು ತಾವಾಗಿಯೇ ಮುಂದೆ ಬಂದವು. ಎತ್ತಿಕೊಂಡರೆ ಮುಗಿಯಿತು, ಏನು ಭಾರ ಇದ್ದಾರೆ ಅವರು, ಒಂದು ಹಗುರ ಮೂಟೆ. ಎತ್ತಿಕೊಂಡರೆ ನಾಳೆಯೂ ಎತ್ತಿಕೊಳ್ಳಬೇಕು, ನಾಡಿದ್ದೂ. ಆಮೇಲೆ ಮಂಚ. ಆಮೇಲೆ?

ಚಾಚಿದ ಕೈಯನ್ನು ಹಿಂದೆ ಎಳೆದುಕೊಂಡ.

"ಏಳ್ರಿ," ಅಂದ.

"ಇದು ಗುರುವಿನ ಆಜ್ಞಾ, ಮಡಿವಾಳಯ್ಯ. ಹೊತ್ತುಕೊ."

ಇಪ್ಪತ್ತೆರಡು ವರ್ಷದಲ್ಲಿ ಅಜ್ಜಾರು ಆ ಮಾತನ್ನು ಒಮ್ಮೆಯೂ ಬಳಸಿರಲಿಲ್ಲ. ಮಡಿವಾಳಯ್ಯ ಒಂದು ಹೆಜ್ಜೆ ಹಿಂದೆ ಸರಿದ.

"ಇಲ್ಲ," ಅಂದ.

ತನ್ನ ದನಿ ತನಗೇ ಗುರುತು ಹತ್ತಲಿಲ್ಲ. ಬಾಗಿಲಲ್ಲಿ ನಿಂತವರು ಹೌಹಾರಿದರು. ಯಾರೋ ಮುದುಕ, "ಏ, ಗುರುಗಳಿಗೆ ಎದುರಾಡ್ತೀಯೇನೋ!" ಎಂದು ಗದರಿದ.

"ಹೊರೂದಿಲ್ಲ. ನಿಮ್ಮ ಮ್ಯಾಲಾಣೆ ಹೊರೂದಿಲ್ಲ. ನರಕಕ್ಕ ಹೋದ್ರ ನಾ ಹೋಗ್ತೀನಿ. ನಿಮಗ ಎರಡು ಕಾಲು ಅದಾವ, ಏಳ್ರಿ ಅಜ್ಜಾರ, ನಡೀರಿ!"

ಅಷ್ಟು ಹೇಳಿ ಅವನು ತಿರುಗಿ ನಡೆದೇಬಿಟ್ಟ. ಹತ್ತು ಹೆಜ್ಜೆ ಹೋಗಿ ನಿಂತ, ಅಜ್ಜಾರಿಗೆ ಬೆನ್ನು ಕೊಟ್ಟು. ಮುಂದೆ ಹೋಗಲು ಕಾಲು ಬರಲಿಲ್ಲ, ಹಿಂದೆ ನೋಡಲು ಧೈರ್ಯ ಬರಲಿಲ್ಲ. ಎರಡೂ ಕೈಯನ್ನು ಬಗಲಲ್ಲಿ ಹಿಸುಕಿಕೊಂಡು ನಿಂತ. ಗುರುವಿಗೆ ಬೆನ್ನು ಕೊಟ್ಟೆ, ಗುರುವಿಗೆ ಬೆನ್ನು ಕೊಟ್ಟೆ ಎಂದು ಎದೆ ಹೊಡೆದುಕೊಳ್ಳುತ್ತಿತ್ತು.

ಹಿಂದೆ ಏನೂ ಸಪ್ಪಳ ಇಲ್ಲ.

ಬಹಳ ಹೊತ್ತು ಏನೂ ಇಲ್ಲ. ಬಾಳವ್ವನ ಮುಖವನ್ನೇ ನೋಡುತ್ತ ನಿಂತ, ಅಲ್ಲಿ ಏನಾದರೂ ತಿಳಿದೀತು ಎಂದು. ಅವಳು ಉಸಿರು ಬಿಗಿಹಿಡಿದು ಅವನ ಹಿಂದೆಲ್ಲೋ ನೋಡುತ್ತಿದ್ದಳು.

ಆಮೇಲೆ ಕೋಲು ನೆಲಕ್ಕೆ ಊರಿದ ಸಪ್ಪಳ. ಎಳೆದ ಪಾದದ ಸಪ್ಪಳ. ಮತ್ತೆ ಕೋಲು.

ಅವನು ತಿರುಗಲಿಲ್ಲ. ಸಪ್ಪಳ ಹತ್ತಿರ ಬಂತು, ಪಕ್ಕಕ್ಕೆ ಬಂತು. ಅಜ್ಜಾರು ಬಾಯಿ ತೆರೆದು ದಮ್ಮು ಎಳೆಯುತ್ತ, ಹಣೆಯ ಬೆವರು ಕಣ್ಣಿಗಿಳಿಯುತ್ತ, ಅವನ ಕಡೆ ನೋಡದೆ ದಾಟಿ ಹೋದರು. ಮಡಿವಾಳಯ್ಯ ಓಡಿ ಎಡಕ್ಕೆ ಅರ್ಧ ಹೆಜ್ಜೆ ಹಿಂದೆ ಸೇರಿಕೊಂಡ.

ಏರಿನಲ್ಲಿ ಎರಡು ಸಲ ನಿಂತರು. ಕೂರಲಿಲ್ಲ. ಬಾಳವ್ವನ ಅಂಗಳ ಬಂತು.

ಅಜ್ಜಾರು ಹೊಸ್ತಿಲ ಮುಂದೆ ನಿಂತು ಜೋಳಿಗೆಯ ಬಾಯಿ ತೆರೆದರು. ಬಾಳವ್ವ ಎರಡು ರೊಟ್ಟಿ ನೀಡಿದಳು, ಮೇಲೆ ಪಲ್ಯ ಹಾಕಿದಳು. ಅಜ್ಜಾರ ಮುಖ ನೋಡುತ್ತ ಹಾಕಿದ್ದಕ್ಕೆ ಅರ್ಧ ಪಲ್ಯ ಕೆಳಗೆ ಬಿತ್ತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಡಿವಾಳಯ್ಯನಿಗೆ ಇನ್ನು ತಡೆಯಲಾಗಲಿಲ್ಲ. ಅಂಗಳದಲ್ಲೇ ಉದ್ದಕ್ಕೆ ಬಿದ್ದು ಅಜ್ಜಾರ ಎರಡೂ ಪಾದ ತಬ್ಬಿಕೊಂಡ. ಹಣೆ ಅವುಗಳ ಮೇಲೆ ಇಟ್ಟು ಗಳಗಳ ಅತ್ತ.

"ತಪ್ಪಾತ್ರಿ ಅಜ್ಜಾರ! ನಿಮ್ಮ ಆಜ್ಞಾ ಮೀರಿದೆ, ನಿಮಗ ಬೆನ್ನು ಕೊಟ್ಟೆ! ಕ್ಷಮಾ ಮಾಡೂತನಕ ಈ ಪಾದ ಬಿಡೂದಿಲ್ಲ ನಾನು!"

ಅಜ್ಜಾರು ಕೋಲು ಊರಿ, ದಮ್ಮು ಆರಿಸಿಕೊಳ್ಳುತ್ತ, ಮುಂದೆ ಬೇಡಬೇಕಾದ ಪಕ್ಕದ ಮನೆಯ ಬಾಗಿಲ ಕಡೆ ನೋಡಿದರು.

"ಬಿಡೋ ತಮ್ಮಾ," ಅಂದರು. "ಅವಕ್ಕ ಕೆಲಸ ಐತಿ."